ಎರಡನೇ ಪಂಕ್ತಿಯ ಪಿಟೀಲು

ದಾಕ್ಷಿಣ್ಯದ ಮನುಷ್ಯ ಯಾವ ಕೆಲಸವನ್ನಾದರೂ ಮಾಡಬಹುದು, ಹಾಡಿನ ಮಿಕ್ಸಿಂಗ್ ಮಾತ್ರ ಮಾಡಬಾರದು. ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿಟ್ಟ ವಾದ್ಯಗಳನ್ನೂ ಕಂಠವನ್ನೂ ಹದವಾಗಿ ಬೆರೆಸುವುದೇ ಮಿಕ್ಸಿಂಗ್. ಹದ ಎಂದಮೇಲೆ ಯಾರನ್ನಾದರೂ ತಗ್ಗಿಸಲೇಬೇಕು. ನಮ್ಮ ಹೊಳೆನರಸೀಪುರದಲ್ಲಿ ಮನೆಗೆ ಬಂದವರಿಗೆ ‘ಸ್ವಲ್ಪ ಮೆತ್ತಗೆ ಮಾತಾಡಿ’ ಎಂದವರನ್ನು ನಾನಂತೂ ಕಂಡಿಲ್ಲ.

ಎರಡು ಸಾವಿರದ ಐದೋ ಆರೋ ಇರಬೇಕು. ಹೈಸ್ಕೂಲ್ ಮೇಷ್ಟ್ರಾದ ನಾನು ಮನೆಗೆ ಕಂಪ್ಯೂಟರ್ ತಂದೆ. ಹಾಸನದ ಗೆಳೆಯನೊಬ್ಬ ಅದರೊಳಗೆ ಇಡೀ ವಾದ್ಯವೃಂದವನ್ನೇ ತುಂಬಿಕೊಟ್ಟ. ಕೀ ಒತ್ತಿದರೆ ಪಿಟೀಲು, ಇನ್ನೊಂದು ಒತ್ತಿದರೆ ಕಹಳೆ. ಶ್ರುತಿ ಮಾಡಿಕೊಳ್ಳುವ ಗೊಡವೆಯಿಲ್ಲ, ಮಧ್ಯೆ ಕಾಫಿ ಕೇಳುವವರಿಲ್ಲ. ಇಷ್ಟು ಸಾಧು ಕಲಾವಿದರನ್ನು ಕಂಡು ನನಗೆ ತಲೆ ನಿಲ್ಲಲಿಲ್ಲ.

ನನ್ನ ಹೆಂಡತಿ ಮಂಜುಳಾ ಮದುವೆಗೆ ಮುಂಚೆ ಚೆನ್ನಾಗಿ ಹಾಡುತ್ತಿದ್ದಳು. ಆಮೇಲೆ ಆ ದನಿ ಅಡುಗೆಮನೆಯ ಬಾಗಿಲು ದಾಟಿದ್ದೇ ಅಪರೂಪ. ಅವಳ ಅಜ್ಜಿ ಕಲಿಸಿದ ಒಂದು ದೇವರ ಹಾಡನ್ನು ನಮ್ಮ ಬೀದಿಯ ಗಣಪತಿ ಪೆಂಡಾಲಿನಲ್ಲಿ ಹಾಕಿಸೋಣ ಎಂದೆ. ಎಷ್ಟೋ ಗೋಗರೆದ ಮೇಲೆ ಮೈಕಿನ ಮುಂದೆ ಕೂತು ಹಾಡಿದಳು. ಹಾಡಿ ಮುಗಿಸಿದಾಗ ಅವಳ ಮುಖ ಕೆಂಪೇರಿತ್ತು. ಇನ್ನು ವಾದ್ಯ ಸೇರಿಸುವುದು ನನ್ನ ಪಾಲು.

ಅಲ್ಲಿ ನನ್ನ ದಾಕ್ಷಿಣ್ಯ ಎದ್ದು ಕೂತಿತು. ಪಿಟೀಲನ್ನು ಕರೆದಮೇಲೆ ಅದರ ಸದ್ದನ್ನು ಇಳಿಸುವುದು ಹೇಗೆ? ಹಾಗೆಂದು ಕೊಳಲಿಗೆ ಕಡಿಮೆ ಮಾಡಿದರೆ ನ್ಯಾಯವೇ? ಎಲ್ಲರನ್ನೂ ಮೇಲಕ್ಕೆ ಏರಿಸಿದೆ, ಎಲ್ಲರನ್ನೂ ನಟ್ಟನಡುವೆ ಕೂರಿಸಿದೆ. ಸಾಲದ್ದಕ್ಕೆ ರಿವರ್ಬ್ ಎಂಬ ಗುಂಡಿ ಸಿಕ್ಕಿತು. ತಿರುಗಿಸಿದರೆ ಸದ್ದಿಗೆ ದೊಡ್ಡ ಕಟ್ಟಡದ ಮಾರ್ದನಿ ಬರುತ್ತದೆ. ಹಿಂದೊಮ್ಮೆ ದೊಡ್ಡಗದ್ದವಳ್ಳಿಯ ಗುಡಿಯೊಳಗೆ ನಿಂತು ನನ್ನ ಗೊಗ್ಗರು ದನಿಯೂ ಗಂಭೀರವಾಗಿ ಕೇಳಿದ್ದು ನೆನಪಿತ್ತು. ಸರಿ, ಒಂದೊಂದು ವಾದ್ಯಕ್ಕೂ ಒಂದೊಂದು ಗುಡಿ ಕಟ್ಟಿಸಿಕೊಟ್ಟೆ. ಆಮೇಲೆ ಅರಕಲಗೂಡಿನ ಮಾವನವರಿಗೆ ಫೋನು ಮಾಡಿ, ‘ಮನೇಲಿ ಅರವತ್ತು ಜನರ ಆರ್ಕೆಸ್ಟ್ರಾ ಇದೆ, ಹಬ್ಬಕ್ಕೆ ಬನ್ನಿ’ ಎಂದು ಜಂಬ ಕೊಚ್ಚಿಕೊಂಡೆ.

ಹಬ್ಬದ ಹಿಂದಿನ ದಿನ ಮಾವ ಬಂದರು, ಆಟೋ ತುಂಬ ಆಲೂಗಡ್ಡೆ ಮೂಟೆ, ತೆಂಗಿನಕಾಯಿ ಸಮೇತ.

“ಅಳಿಯಂದ್ರೇ, ಅಷ್ಟು ಜನಕ್ಕೆ ಊಟಕ್ಕಾಗ್ಬೇಕಲ್ಲ ಅಂತ ತಂದೆ. ಎಲ್ಲವ್ರೆ ಎಲ್ರೂವೆ?”

ನಾನು ಕಂಪ್ಯೂಟರ್ ತೋರಿಸಿದೆ. ಅವರು ಡಬ್ಬದ ಮೇಲೆ ಕೈಯಿಟ್ಟು ನೋಡಿ, “ಮಂಜೀ, ಒಳ್ಗೆ ಕಾದೋಗೈತೆ ಕಣಮ್ಮ, ಫ್ಯಾನ್ ಆಕು. ಪಾಪ” ಎಂದರು.

ಹಾಡು ಹಾಕಿದೆ. ಗೋಡೆಯ ಕ್ಯಾಲೆಂಡರ್ ಅದುರಿತು. ಮಾವ ಕಣ್ಣು ಮುಚ್ಚಿ ಕೊನೆತನಕ ಕೇಳಿ, “ಡೋಲು ಕೇಳುಸ್ತು. ಕೊಳ್ಲು ಕೇಳುಸ್ತು. ನಮ್ ಉಡ್ಗಿ ಎಲ್ಲವ್ಳೆ?” ಎಂದರು.

ಮಂಜುಳಾ ಸೆರಗಿನಲ್ಲಿ ಕೈ ಒರೆಸಿಕೊಂಡಳು. “ಹೋಗ್ಲಿ ಬಿಡಿ. ಬರೀ ಮ್ಯೂಸಿಕ್ಕೇ ಹಾಕ್ಸಿ. ನನ್ನ ಹಾಡೇನೂ ಬೇಡ.”

ಅರವತ್ತು ಜನರನ್ನು ಉಪಚರಿಸುವ ಭರದಲ್ಲಿ ಯಾರಿಗಾಗಿ ಕರೆದೆನೋ ಅವಳನ್ನೇ ಹೊರಗೆ ಕಳಿಸಿದ್ದೆ.

ಮಾರನೆಯ ದಿನ, ತಂದ ಆಲೂಗಡ್ಡೆಗೆ ದಾರಿ ತೋರಿಸಬೇಕಲ್ಲ, ಬೀದಿಯವರನ್ನೆಲ್ಲ ಹಬ್ಬದೂಟಕ್ಕೆ ಕರೆದೆವು. ನಮ್ಮ ನಡುಮನೆ ಹತ್ತು ಎಲೆ ಹಾಕುವಷ್ಟು. ನಾನು ಎಲ್ಲರಿಗೂ ‘ಬನ್ನಿ, ಕೂತ್ಕೊಳ್ಳಿ’ ಎನ್ನುತ್ತಾ ಬಾಗಿಲಲ್ಲೇ ಜಾತ್ರೆ ಮಾಡಿಬಿಟ್ಟೆ. ಮಾವ ಬಂದು ವಯಸ್ಸಾದವರನ್ನು ಎಲೆಯ ಮುಂದೆ ಕೂರಿಸಿ, ಉಳಿದವರಿಗೆ ಯಾವ ಮುಲಾಜೂ ಇಲ್ಲದೆ, “ನೀವು ಎರಡ್ನೇ ಪಂಕ್ತಿ. ಜಗ್ಲಿ ಮ್ಯಾಲೆ ಕೂತ್ಕಳಿ” ಎಂದರು.

“ಬೇಜಾರು ಮಾಡ್ಕೊಳ್ಳಲ್ವಾ ಮಾವ?” ಎಂದು ಪಿಸುಗುಟ್ಟಿದೆ.

“ಯಾಕೆ? ಅವ್ರಿಗೂ ಅದೇ ಪಾಯ್ಸ ತಾನೆ?”

ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಜಗಲಿಯ ಎರಡೂ ಬದಿಯಲ್ಲಿ ಕೂತು ಹರಟುತ್ತಿದ್ದರು. ಆ ಗುಜುಗುಜು ಒಳಗೆ ತೇಲಿಬಂದು ಹಬ್ಬಕ್ಕೆ ಕಳೆ ಕಟ್ಟಿತ್ತು. ಒಳಗಿನ ಮಾತೂ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಸಾರಿನ ಸೌಟನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಕಂಪ್ಯೂಟರಿನ ಮುಂದೆ ಕೂತೆ.

ಮಂಜುಳಾಳ ದನಿಯನ್ನು ನಡುಮನೆಯಲ್ಲಿ ಕೂರಿಸಿದೆ. ಪಿಟೀಲುಗಳನ್ನು ಎಡಕ್ಕೂ ಬಲಕ್ಕೂ ಹಂಚಿ ಜಗಲಿಗೆ ಕಳಿಸಿದೆ. ಅವಳು ಉಸಿರೆಳೆದುಕೊಳ್ಳುವಾಗ ಮಾತ್ರ ಕೊಳಲು ಹತ್ತಿರ ಬರಲಿ ಎಂದೆ. ಡೋಲು ಹಿತ್ತಿಲಿಗೆ ಹೋಯಿತು. ಕಟ್ಟಿಸಿದ ಗುಡಿಗಳನ್ನೆಲ್ಲ ಕೆಡವಿ, ಎಲ್ಲರಿಗೂ ಸೇರಿ ಒಂದೇ ಹಜಾರ ಸಾಕೆಂದೆ. ನಾನೇ ಬಹಳ ಬೆವರು ಸುರಿಸಿ ನುಡಿಸಿದ್ದ ಕಹಳೆಯನ್ನಂತೂ ಪೂರ್ತಿ ಮುಚ್ಚಿದೆ. ಸಂಕಟವಾಯಿತು, ಸುಳ್ಳೇಕೆ ಹೇಳಲಿ.

ಸಂಜೆ ಮಂಗಳಾರತಿಯಾದ ಮೇಲೆ ಪೆಂಡಾಲಿನ ಸ್ಪೀಕರಿನಿಂದ ಅವಳ ದನಿ ಬಂತು, ತಿಳಿಯಾಗಿ, ಒಂದೊಂದು ಮಾತೂ ಬಿಡಿಬಿಡಿಯಾಗಿ. ಹೆಂಗಸರು ತಿರುಗಿ ಅವಳನ್ನೇ ನೋಡಿದರು. ಮಂಜುಳಾ ನನ್ನ ಬೆನ್ನ ಹಿಂದೆ ಅಡಗಿಕೊಂಡಳು, ಆದರೆ ತುಟಿ ಹಾಡಿನ ಜೊತೆಗೇ ಆಡುತ್ತಿತ್ತು. ನನಗೆ ಹಾರಿಬಿಡೋಣ ಎನ್ನುವಷ್ಟು ಸಂತೋಷವಾಯಿತು. ಮಾವ ತಮ್ಮ ತಾಯಿ ಮೊಮ್ಮಗಳಿಗೆ ಕಲಿಸಿದ ಹಾಡು ಕೇಳುತ್ತಾ ಟವೆಲಿನಿಂದ ಕಣ್ಣೊರೆಸಿಕೊಂಡರು.

ಹಾಡು ಚೆನ್ನಾಗಿದೆ ಎಂದವರೇ ಎಲ್ಲ, ವಾದ್ಯದ ಸುದ್ದಿ ಎತ್ತಿದವರು ಒಬ್ಬರೂ ಇಲ್ಲ. ನಾನು ಒಳಗೊಳಗೇ ಸ್ವಲ್ಪ ಬಾಡಿದೆ. ಅಷ್ಟರಲ್ಲಿ ಪಕ್ಕದ ಮನೆಯವರು ಮಾವನನ್ನು ಕೇಳಿದರು: “ಅಲ್ಲಾ ಗೌಡ್ರೇ, ಅರವತ್ತು ಜನ ನುಡ್ಸೋರು ಅವ್ರೆ ಅಂದಿದ್ರಲ್ಲ, ಎಲ್ಲಿ?”

ಮಾವ ನನ್ನ ಕಡೆ ನೋಡಿ ಮೀಸೆಯಡಿಯಲ್ಲೇ ನಕ್ಕರು.

“ಎಲ್ರೂ ಅವ್ರೆ ಕಣಪ್ಪ. ನಮ್ ಉಡ್ಗೀದು ಮೊದ್ಲು ಆಗ್ಲಿ ಅಂತ ಜಗ್ಲಿ ಮ್ಯಾಲೆ ಕೂತವ್ರೆ.”