ನೀರು ಕುಡಿದ ಗೋಡೆ

ಆ ಗೋಡೆಗೆ ಬಕೆಟ್ಟುಗಟ್ಟಲೆ ನೀರು ಸುರಿದವಳು ನಾನು. ಅಣ್ಣಯ್ಯ ಹೊಸೆದ ಹಗ್ಗದಲ್ಲಿ ಏನೂ ಕೊರತೆ ಇರಲಿಲ್ಲ. ಇಷ್ಟನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು — ಅದೂ ಅವನು ಕೇಳಿಸಿಕೊಳ್ಳಲಾರದ ಹೊತ್ತಿಗೆ.

ಎಲ್ಲವೂ ಸರಿಯಾಗಿದ್ದ ಕೊನೆಯ ದಿನ ನನಗೆ ಚೆನ್ನಾಗಿ ನೆನಪಿದೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಕಲಿತು, ತಿಪಟೂರಿನ ಒಬ್ಬ ಕೊಬ್ಬರಿ ಸಾಹುಕಾರರ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಕಿಬ್ಬನಹಳ್ಳಿ ಹತ್ತಿರದ ನಮ್ಮೂರಿನಿಂದ ದಿನಾ ಬಸ್ಸು. ಸಾಹುಕಾರರು ಬೆಂಗಳೂರಿನ ಯಾವುದೋ ಹೋಟೆಲಿನಲ್ಲಿ ಗೋಡೆ ತುಂಬ ಬಣ್ಣದೆಲೆಗಳನ್ನು ಬೆಳೆಸಿದ್ದು ನೋಡಿ ಬಂದು, ತಮ್ಮ ಆಫೀಸಿಗೂ ಅಂಥದೇ ಬೇಕೆಂದು ಹಟ ಹಿಡಿದಿದ್ದರು. ಅದನ್ನು ಮಾಡಿಕೊಟ್ಟವನು ನನ್ನ ಅಣ್ಣ, ಪಂಚಾಕ್ಷರಿ.

ಅಣ್ಣಯ್ಯನಿಗೆ ಗೀರು, ಚುಕ್ಕಿ ಇರುವ ಎಲೆಗಳೆಂದರೆ ಹುಚ್ಚು. ನಮ್ಮ ಮನೆಯಲ್ಲಿ ಅಟ್ಟದ ಮೇಲೆ ಕಾಯಿ ಒಣಗುತ್ತಿದ್ದರೆ, ಅಟ್ಟದ ಕೆಳಗಿನ ಮಬ್ಬಿನಲ್ಲಿ ಅವನ ಡಬ್ಬಗಳು ಸಾಲಾಗಿರುತ್ತಿದ್ದವು — ಕೆಂಪು ನರದ ಬಣ್ಣದ ಕೆಸು, ಹಾಲು ಚೆಲ್ಲಿದಂತಿದ್ದ ಮನಿಪ್ಲಾಂಟು, ಸಂಜೆಯಾದರೆ ಕೈ ಮುಗಿದ ಹಾಗೆ ಎಲೆ ಮಡಚಿಕೊಳ್ಳುವ ಇನ್ನೊಂದು. ಅದರ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆಫೀಸಿಗೆ ಅವನು ಮರದ ಚೌಕಟ್ಟು ಮಾಡಿ, ಕೋಳಿಗೂಡಿನ ಜಾಲರಿ ಬಿಗಿದು, ಒಳಗೆ ತೆಂಗಿನಕಾಯಿ ಸಿಪ್ಪೆ ತುಂಬಿ, ಸಿಪ್ಪೆಯ ಸಂದುಗಳಲ್ಲಿ ಗಿಡ ನೆಟ್ಟ. ತಾನೇ ಹೊಸೆದ ನಾರಿನ ಹಗ್ಗದಲ್ಲಿ ಅದನ್ನು ತೊಲೆಗೆ ಕಟ್ಟಿ ಇಳಿಬಿಟ್ಟ. ಅದರ ಮುಂದೆಯೇ ಲೆಕ್ಕ ಬರೆಯುವ ಮಲ್ಲಪ್ಪನವರ ಕುರ್ಚಿ.

ಆ ದಿನ ಅಣ್ಣಯ್ಯ ಎಲೆ ಒರೆಸಲು ಬಂದಿದ್ದ. ಶಿವರಾತ್ರಿಗೆ ಎರಡು ದಿನ ಇತ್ತು.

“ಪುಟ್ಟೀ, ಇವು ದೊಡ್ಡ ಮರದ ಕೆಳಗೆ ಬದುಕೋ ಜಾತಿ ಕಣೇ. ಬಿಸ್ಲೂ ಅಷ್ಟು ಬೇಡ, ನೀರೂ ಅಷ್ಟು ಬೇಡ. ಚೊಂಬಲ್ಲಿ ತಕ್ಕೊಂಡು ಕೈಲಿ ಚಿಮುಕಿಸು, ಸುರೀಬೇಡ. ಹಬ್ಬದ ರಜಾದಲ್ಲೂ ಒಂದು ಗಳಿಗೆ ಬಂದು ಹೋಗು.”

“ಹಬ್ಬದ ದಿನಾನೂವಾ?”

“ಅವಕ್ಕೇನೇ ಗೊತ್ತು ಶಿವರಾತ್ರಿ?”

ಮಲ್ಲಪ್ಪನವರು ಲೆಕ್ಕದಿಂದ ತಲೆ ಎತ್ತಿ, “ಅವೂ ಒಂದಿನ ಉಪವಾಸ ಇರ್ಲಿ ಬುಡಪ್ಪ, ಪುಣ್ಯ ಬತ್ತದೆ” ಅಂದರು. ಮೂವರೂ ನಕ್ಕೆವು. ಅಣ್ಣಯ್ಯ ಅಷ್ಟು ಬಿಚ್ಚುಮನಸ್ಸಿನಿಂದ ನಕ್ಕಿದ್ದು — ಆಮೇಲೆ ನಾನು ನೋಡಲಿಲ್ಲ.

ಮರುದಿನ ಮಧ್ಯಾಹ್ನ ನಾನು, ಮಲ್ಲಪ್ಪನವರು ಬಿಟ್ಟು ಎಲ್ಲರೂ ಬೇಗ ಹೊರಟರು. ಗೆಳತಿ ಕಮಲ ಗಂಡನ ಮನೆಯಿಂದ ಬಂದಿದ್ದಳು. ರಜದ ದಿನ ಬಸ್ಸು ಹತ್ತಿ ಗಿಡಕ್ಕೆ ನೀರು ಚಿಮುಕಿಸಲು ಬರುವ ಮನಸ್ಸು ನನಗಿರಲಿಲ್ಲ. ನಮ್ಮ ಕಡೆ ಊರಿಗೆ ಹೋಗುವ ಮುಂಚೆ ಏನು ಮಾಡುತ್ತೇವೆ? ತೆಂಗಿನ ಸಸಿಯ ಪಾತಿಯಲ್ಲಿ ಸಿಪ್ಪೆ ಹೂತು, ತುಂಬಿ ನಿಲ್ಲುವಷ್ಟು ನೀರು ಬಿಟ್ಟು ಹೋಗುತ್ತೇವೆ. ಸಿಪ್ಪೆ ಕುಡಿದಿಟ್ಟುಕೊಂಡು, ನಾವು ಬರುವ ತನಕ ಸಸಿಗೆ ಕೊಡುತ್ತದೆ. ಚಿಕ್ಕಂದಿನಿಂದ ಮಾಡಿದ ಕೆಲಸ. ಅದನ್ನೇ ಮಾಡಿದೆ. ಸ್ಟೂಲು ಹತ್ತಿ ಮೇಲಿನಿಂದ ಬಕೆಟ್ಟಿನ ಮೇಲೆ ಬಕೆಟ್ಟು ಸುರಿದೆ. ಪಾತಿಯ ಭಾರ ಹೊರಲು ಕೆಳಗೆ ನೆಲ ಇರುತ್ತದೆ, ಇಲ್ಲಿ ಹಗ್ಗ ಮಾತ್ರ ಇದೆ — ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆಯಲೇ ಇಲ್ಲ.

ಹಗ್ಗ ಕಿರಗುಟ್ಟತೊಡಗಿತು. ಕೊನೆಯ ಪುಟ ಮುಗಿಸುತ್ತಿದ್ದ ಮಲ್ಲಪ್ಪನವರು ತಿರುಗದೆಯೇ ಕೇಳಿದರು, “ಏನಮ್ಮಾ ಗಿರಿಜಾ, ನಿಮ್ಮಣ್ಣನ ಗೋಡೆ ಗೊರಕೆ ಹೊಡೀತದಲ್ಲ?”

“ನೀರು ಕುಡೀತೈತೆ ಸಾರ್,” ಅಂದು ನಾನು ನಕ್ಕೆ.

ನಕ್ಕು ಮುಗಿಸಿರಲಿಲ್ಲ —

ಆ ಶಬ್ದವನ್ನು ಹೇಗೆ ಬರೆಯಲಿ? ಮುರಿದಂತಲ್ಲ, ಒದ್ದೆ ಮೂಟೆ ಬಿದ್ದಂತೆ. ಒಂದು ಕ್ಷಣ ಕುರ್ಚಿಯೂ ಇಲ್ಲ, ಮನುಷ್ಯರೂ ಇಲ್ಲ, ನೆಲದ ತುಂಬ ಬರೀ ಎಲೆ. ಕೆಂಪು ನರದ ಎಲೆಗಳ ನಡುವೆ ಪೆನ್ನು ಹಿಡಿದ ಒಂದು ಕೈ. ನಾನು ಬಕೆಟ್ಟು ಹಿಡಿದು ನಿಂತೇ ಇದ್ದೆ. ಅಂಗಳದ ಹಮಾಲಿಗಳು ಓಡಿ ಬಂದು ಅವರನ್ನು ಎಳೆದರು. ಒಬ್ಬ ಕೇಳಿದ, “ಇಷ್ಟೊಂದು ನೀರು ಎಲ್ಲಿಂದ ಬಂತವ್ವಾ?”

“ಬಕೆಟ್ಟು ಉರುಳಿತು,” ಅಂದೆ.

ಅಷ್ಟು ಸಲೀಸಾಗಿ ಬಂತು ಆ ಮಾತು. ಇವತ್ತಿಗೂ ನನ್ನನ್ನು ನಡುಗಿಸುವುದು ಆ ಬೀಳುವ ಸದ್ದಲ್ಲ — ಈ ಸಲೀಸು.

ಸುದ್ದಿ ತಿಳಿದು ಅಣ್ಣಯ್ಯ ಬರುವಷ್ಟರಲ್ಲಿ ಒದ್ದೆ ಸಿಪ್ಪೆಯನ್ನೆಲ್ಲ ಬೀದಿಗೆ ಸಾಗಿಸಿದ್ದರು. ತೊಲೆಯಲ್ಲಿ ಹಗ್ಗದ ತುಂಡು ಮಾತ್ರ ತೂಗುತ್ತಿತ್ತು. ಸಾಹುಕಾರರು ಅದನ್ನು ತೋರಿಸಿ, “ನೋಡಯ್ಯ ನಿನ್ನ ಹಗ್ಗಾನ! ಮನುಷ್ಯರ ತಲೆ ಮೇಲೆ ಕಟ್ಟೋ ಹಗ್ಗವೇನಯ್ಯ ಇದು?” ಅಂದರು. ಅಣ್ಣಯ್ಯ ಸ್ಟೂಲು ಹತ್ತಿ ತುಂಡನ್ನು ಬಿಚ್ಚಿಕೊಂಡ. ನಾರಿನ ಎಳೆಗಳನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ —

“ನೀರು ಎಷ್ಟು ಹಾಕಿದ್ದೆ ಪುಟ್ಟೀ?”

“ನೀನು ಹೇಳಿದಷ್ಟೇ ಅಣ್ಣಯ್ಯ.”

ಅವನು ಮತ್ತೆ ಕೇಳಲಿಲ್ಲ. ಅನುಮಾನಪಟ್ಟಿದ್ದರೆ, ಗದರಿದ್ದರೆ, ಬಾಯಿಬಿಡುತ್ತಿದ್ದೆನೇನೋ — ಇಲ್ಲ, ಹಾಗೆ ಹೇಳುವುದೂ ಸುಳ್ಳೇ. ಅವನು ನಂಬಿದ. ನನ್ನನ್ನು ನಂಬಿದ್ದರಿಂದ ತನ್ನ ಕೈಯನ್ನು ನಂಬುವುದು ಬಿಟ್ಟ.

ಮರುದಿನ ಬೆಳಿಗ್ಗೆ ಅಟ್ಟದ ಕೆಳಗಿನ ಡಬ್ಬಗಳನ್ನೆಲ್ಲ ಹೊತ್ತು ಹಿತ್ತಲ ಬಿಸಿಲಿಗಿಟ್ಟ. ಸುಟ್ಟುಹೋಗುತ್ತವೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೆ. ಕೈ ಮುಗಿಯುವ ಎಲೆ ಮೊದಲು ಸುರುಟಿತು. ಆಮೇಲೆ ಅವನು ಹಗ್ಗ ಹೊಸೆಯಲಿಲ್ಲ. ದನ ಕಟ್ಟುವುದಕ್ಕೂ ಅಂಗಡಿಯಿಂದ ತರುತ್ತಿದ್ದ. ತೆಂಗಿನ ನಾಡಿನಲ್ಲಿ, ಮನೆ ಹಿಂದೆ ನಾರಿನ ರಾಶಿ ಇಟ್ಟುಕೊಂಡು.

ಮಲ್ಲಪ್ಪನವರು ಉಳಿದರು. ಬಲಗೈ ಮಾತ್ರ ಭುಜದಿಂದ ಮೇಲೇಳಲಿಲ್ಲ. ಪ್ರತಿ ಸೋಮವಾರ ಅಣ್ಣಯ್ಯ ತಿಪಟೂರಿಗೆ ಹೋಗಿ ಅವರ ಮುಖ ಕ್ಷೌರ ಮಾಡಿ, ಮೀಯಿಸಿ, ಪಂಚೆ ಉಡಿಸಿ, ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಬರುತ್ತಿದ್ದ. ಒಂದು ಸಲ ನಮ್ಮತ್ತಿಗೆ, “ಇನ್ನೆಷ್ಟು ದಿನ ರೀ, ಸಾಕು ಬುಡಿ” ಅಂದರು. “ನನ್ನ ಹಗ್ಗ ಕಣೇ ಅದು,” ಅಂದ. ನಾನು ಅಲ್ಲೇ ತಟ್ಟೆಗೆ ಅನ್ನ ಬಡಿಸುತ್ತಿದ್ದೆ. ಬಡಿಸಿ ಒಳಗೆ ಹೋದೆ.

ಹೋದ ತಿಂಗಳು ಅಣ್ಣಯ್ಯ ಹೋದ. ಬೆಳಿಗ್ಗೆ ಕಾಫಿ ಕುಡಿದು ತೋಟಕ್ಕೆ ಹೊರಟವನು ಹೊಸಿಲ ಹತ್ತಿರ ಕುಳಿತ, ಏಳಲಿಲ್ಲ. ನನಗಿನ್ನೂ ಅದು ನಿಜವೆನಿಸಿಲ್ಲ. ಹನ್ನೊಂದನೆಯ ದಿನದ ಕಾರ್ಯಕ್ಕೆ ಮಲ್ಲಪ್ಪನವರು ಬಂದಿದ್ದರು. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ತಪ್ಪಾಗಿ ಹಾಕಿತ್ತು. ಎಡಗೈಯಲ್ಲಿ ನನ್ನ ತಲೆ ಮುಟ್ಟಿ ಹೇಳಿದರು, “ನಿಮ್ಮಣ್ಣನ್ನ ನಾನು ಯಾವತ್ತೋ ಕ್ಷಮಿಸಿಬಿಟ್ಟಿದ್ದೆ ಕಣಮ್ಮಾ. ಅವನೇ ಕೇಳ್ತಿರಲಿಲ್ಲ.”

ಕ್ಷಮಿಸಿದರಂತೆ. ಅವನನ್ನು!

ಆಗಲೂ — ಫೋಟೋದ ಮುಂದೆ, ಅಷ್ಟು ಜನರ ನಡುವೆ — ನಾನು ತಲೆ ತಗ್ಗಿಸಿ, “ಊಟಕ್ಕೇಳಿ ಸಾರ್” ಅಂದೆ. ಮೊದಲ ಸಲ ಭಯ ಅನ್ನಬಹುದಿತ್ತು. ಈ ಸಲದ್ದಕ್ಕೆ ಏನನ್ನಲಿ?

ನಾಳೆ ಸೋಮವಾರ. ಅಣ್ಣಯ್ಯ ಹೋಗುತ್ತಿದ್ದ ಬಸ್ಸಿಗೇ ಹೋಗಿ, ಮಲ್ಲಪ್ಪನವರ ಎದುರು ಕುಳಿತು ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಅತ್ತಿಗೆಗೆ ಇವತ್ತು ಹೇಳಿದ್ದೇನೆ. ಅವರು ಎದ್ದುಹೋದರು. ಸಾಹುಕಾರರಿಗೂ ಹೇಳುತ್ತೇನೆ. ಕೇಳುವವರೆಲ್ಲ ಕೇಳುತ್ತಾರೆ.

ನೀರು ಎಷ್ಟು ಹಾಕಿದ್ದೆ ಎಂದು ಕೇಳಿದವನು ಮಾತ್ರ ಇಲ್ಲ.