ಮೊದಲ ಪುಟ ನೋಡಿ ನಂಬಿದವರು

ಗುಬ್ಬಿಯ ಶಿವಮೂರ್ತಿ ಬೆಳಿಗ್ಗೆ ವಿಭೂತಿ ಧರಿಸಿದ ಕೂಡಲೇ ಅಟ್ಟ ಹತ್ತಿ, ಒಂದು ಒಣಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಕೊಬ್ಬರಿ ಕರಟ ಬಿಟ್ಟು ಒಳಗೆ ಲೊಟಗುಟ್ಟಿದರೆ ಸಮಾಧಾನ. ಆಮೇಲೆಯೇ ಕಾಫಿ. ಜ್ವರ ಬಂದ ದಿನವೂ ಇದನ್ನು ತಪ್ಪಿಸಿದವನಲ್ಲ.

ಹೋದ ವರ್ಷದ ಕೊಬ್ಬರಿಯನ್ನೆಲ್ಲ ಮಾರಿ, ಮಗಳು ಸಿಂಚನಾಳ ಮುಂದಿನ ಓದಿಗೆಂದು ಆ ಹಣವನ್ನು ಕುಣಿಗಲ್ ಕಡೆಯ ಒಂದು ತೆಂಗಿನ ನಾರಿನ ಕಂಪನಿಯ ಷೇರಿಗೆ ಹಾಕಿದ್ದ. ಕಂಪನಿ ಇನ್ನೂ ಷೇರುಪೇಟೆಗೆ ಬಂದಿರಲಿಲ್ಲ. ತುಮಕೂರಿನ ಶಿರಾ ಗೇಟಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಗುರುಪ್ರಕಾಶ ಪರಿಚಯದವರಿಗೆ ಕೊಡಿಸುತ್ತಿದ್ದ. ಬೇಡವೆಂದವರ ಷೇರನ್ನು ಬೇಕೆಂದವರಿಗೆ ದಾಟಿಸುತ್ತಿದ್ದ.

ಈ ಸಲ ಷೇರು ಕೊಂಡವರ ವಾಟ್ಸಾಪ್ ಗ್ರೂಪಿಗೆ ಕಂಪನಿಯ ವರದಿ ಬಂತು. ಲಾಭ ದುಪ್ಪಟ್ಟು, ಹೊರಗಿನ ಆಡಿಟರ್ ನೋಡಿ ಸಹಿ ಮಾಡಿದ್ದಾರೆ ಎಂದು ಮೊದಲ ಪುಟದಲ್ಲೇ ಇತ್ತು. ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಅಂಗನವಾಡಿಯ ನೇತ್ರಾವತಿ ಬಳೆ ಅಡವಿಟ್ಟಾದರೂ ಇನ್ನಷ್ಟು ಕೊಳ್ಳುತ್ತೇನೆಂದು ಬರೆದಳು. ಎರಡನೆಯ ಪುಟ ತೆರೆದವರಿಲ್ಲ. ಇಲ್ಲಿನ ಸಂತೆಯಲ್ಲಿ ಗುರುತಿನವರ ಮೂಟೆಯ ಬಾಯಿ ಬಿಚ್ಚಿ ಮೇಲಿನ ಒಂದೆರಡು ಕೊಬ್ಬರಿ ನೋಡುವುದುಂಟು. ಪೂರ್ತಿ ಸುರಿಸಿ ನೋಡಿದರೆ ಮಾರುವವನಿಗೆ ಅವಮಾನ. ಸಹಿ ಬಿದ್ದ ವರದಿಯನ್ನೂ ಹಾಗೇ ನೋಡಿದರು. ಶಿವಮೂರ್ತಿಯೂ.

ವರದಿಯನ್ನು ಪೂರ್ತಿ ಸುರಿದು ನೋಡಿದವಳು ಬಿ.ಕಾಂ. ಓದುತ್ತಿದ್ದ ಸಿಂಚನಾ. ಓದುತ್ತಾ ಓದುತ್ತಾ ಅವಳ ದನಿ ಇಳಿಯಿತು.

"ಅಪ್ಪಾ, ಗೋಡೌನಲ್ಲಿರೋ ಮಾಲನ್ನ ನಾವು ಕಣ್ಣಾರೆ ನೋಡಿಲ್ಲ ಅಂತ ಆಡಿಟರೇ ಬರ್ದವ್ರೆ. ಲಾಭ ಎಲ್ಲಾ ಆ ಮಾಲಿನ ಮೇಲೇ ನಿಂತೈತೆ."

ಮರುದಿನ ಅಟ್ಟದಲ್ಲಿ ಕೈಗೆ ಬಂದ ಕಾಯಿ ಸದ್ದು ಮಾಡಲಿಲ್ಲ. ಇನ್ನೊಂದನ್ನು ಎತ್ತಲು ಅವನಿಗೆ ಧೈರ್ಯ ಬರಲಿಲ್ಲ. ಕಾಫಿ ಕುಡಿಯದೆ ತುಮಕೂರಿನ ಬಸ್ಸು ಹತ್ತಿದ.

"ಏನ್ ಶಿವಣ್ಣ, ಕಾಯಿ ಅಲ್ಲಾಡ್ಸೋದು ಬುಟ್ಟು ಆಡಿಟ್ ಶುರು ಮಾಡಿದ್ಯಾ?" ಎಂದು ಗುರುಪ್ರಕಾಶ ನಕ್ಕ. ಗೋಡೌನಿನ ಮಾತು ಬಂದಾಗ ನಗು ನಿಂತಿತು. ಅವನಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಎದ್ದು ಶಟರನ್ನು ಅರ್ಧಕ್ಕೆ ಎಳೆದ.

"ಗ್ರೂಪಲ್ಲಿ ಹಾಕ್ಬೇಡಣ್ಣ. ನಿನ್ನದನ್ನ ಇವತ್ತೇ ದಾಟಿಸ್ತೀನಿ, ಕಮಿಷನ್ನೂ ಬ್ಯಾಡ. ನೇತ್ರಕ್ಕ ದುಡ್ಡು ಹಿಡ್ಕೊಂಡು ಕಾಯ್ತಾವ್ರೆ."

ಕಾಲೇಜಿಗೆ ಕಟ್ಟಬೇಕಾದ ಹಣ ಶಿವಮೂರ್ತಿಯ ಕಣ್ಣೆದುರು ಬಂತು. ಅರ್ಧ ಶಟರಿನ ಕೆಳಗೆ ರಸ್ತೆಯಲ್ಲಿ ಓಡಾಡುವವರ ಕಾಲುಗಳಷ್ಟೇ ಕಾಣುತ್ತಿದ್ದವು.

"ಬ್ಯಾಡ ಕಣೋ ಗುರು," ಎಂದ. "ಆಯಮ್ಮನ ತಲೆಗೆ ಕಟ್ಟೋ ಬದ್ಲು ನನ್ನ ಹತ್ರನೇ ಕೊಳೀಲಿ ಬುಡು."