ಕಸ್ತೂರಿಬಾಯಿಯ ಗವತಿ ಚಹಾ

ಆಳಂದದ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದ ಕಸ್ತೂರಿಬಾಯಿ ೧೯೮೫ರಲ್ಲಿ ನಿವೃತ್ತರಾದರು. ಗಂಡ ತೀರಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಆಮೇಲೆ ಅವರ ಬಾಗಿಲಿಗೆ ಬರುವವರೆಂದರೆ ಗವತಿ ಚಹಾದ ಎಲೆ ಕೇಳುವವರು ಮಾತ್ರ.

ಬೇರೆ ಕಡೆ ಮಜ್ಜಿಗೆ ಹುಲ್ಲು ಅನ್ನುವ, ವಾಸನೆಗೆಂದು ಚಹಾಕ್ಕೆ ಹಾಕಿ ಕುದಿಸುವ ಈ ಗವತಿ ಚಹಾದ ಪೊದೆ ಅವರ ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ ಬೆಳೆದಿತ್ತು. ಓಣಿಗೆಲ್ಲ ಅದೊಂದೇ. ನೆಗಡಿ, ಮಳೆ, ಬೀಗರು ಬಂದದ್ದು, ಏನಾದರೊಂದು ನೆವದಿಂದ ಯಾರಾದರೂ ಬರುತ್ತಿದ್ದರು. ಕಸ್ತೂರಿಬಾಯಿ ಎಲೆ ಕೊಯ್ದು ಕೊಡುವತನಕ ಬಂದವರು ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಎಲೆ ಕೇಳಬಹುದು, ಬೇರು ಕೇಳಬಾರದು, ಕೇಳಿ ಒಯ್ದ ಬೇರು ಹತ್ತುವುದಿಲ್ಲ ಎಂಬುದು ಓಣಿಯ ನಂಬಿಕೆ. ಮನೆಯವರೇ ತಾವಾಗಿ ಕೊಡಬೇಕು. ಕಸ್ತೂರಿಬಾಯಿ ಕೊಟ್ಟಿರಲಿಲ್ಲ.

ಮೂರು ವರ್ಷಕ್ಕೊಮ್ಮೆ ಪೊದೆಯನ್ನು ಕಿತ್ತು, ಬಿಡಿಸಿ ನೆಡಬೇಕೆಂದು ಅವರಿಗೆ ಗೊತ್ತಿತ್ತು. ಆದರೆ ಹಿತ್ತಲಲ್ಲಿ ಎರಡು ಸಸಿಗಷ್ಟೇ ಜಾಗ. ಉಳಿದವು ಮನೆ ಮನೆಗೆ ಹೋಗುತ್ತವೆ. ಆಮೇಲೆ ಎಲೆ ಕೇಳಲು ಯಾರು ಬಂದಾರು? ಆರು ವರ್ಷ ಹಾಗೇ ಬಿಟ್ಟರು. ಗೊಬ್ಬರ ಹಾಕಿದರು, ಮಣ್ಣು ಏರಿಸಿದರು. ೧೯೯೧ರ ಆಷಾಢದ ಹೊತ್ತಿಗೆ ಪೊದೆಯ ನಡು ತಟ್ಟೆಯಗಲ ಒಣಗಿತ್ತು. ಸುತ್ತಲಿನ ಎಲೆ ಸಣ್ಣಗಾಗಿ, ಉಜ್ಜಿದರೂ ವಾಸನೆ ಬಿಡುತ್ತಿರಲಿಲ್ಲ.

ಒಂದು ದಿನ ಎಲೆ ಒಯ್ದಿದ್ದ ಪಕ್ಕದ ಮನೆಯ ಖುರ್ಷಿದ ಮರುದಿನ ಬಂದು ಕಟ್ಟೆಯ ಮೇಲೆ ಕೂತಳು.

“ಟೀಚರಬಾಯಿ, ಒಂದ್ ಮಾತ್ ಹೇಳ್ತೇನಿ, ಸಿಟ್ ಆಗಬ್ಯಾಡ್ರಿ. ಮದ್ಲ ನಿಮ್ಮ ಎಲಿ ಮುಂದ ಹಿಡದ್ರ ನಮ್ಮ ಆಡು ಮೂಗು ತಿರುವ್ತಿತ್ತು. ನಿನ್ನಿ ತಿಂದು ಮತ್ತ ಕೇಳ್ಲಾಕತ್ತಿತ್ತು.”

ಕಸ್ತೂರಿಬಾಯಿ ನಕ್ಕರು. “ನಿನ್ನ ಆಡಿಗಿ ತಿಳಿತದ ನೋಡವಾ.”

“ಗಿಡಕ್ಕ ಏನರ ಆಗ್ಯದೇನ್ರಿ?”

“ಏನೂ ಆಗಿಲ್ಲ. ನಾನೇ ಬಿಡಿಸಿಲ್ಲ.”



ಮರುದಿನ ಬೆಳಿಗ್ಗೆ ಕಸ್ತೂರಿಬಾಯಿ ಪೊದೆಯ ಸುತ್ತ ಒಂದು ಗೇಣು ಬಿಟ್ಟು ಅಗೆದರು. ಒಣಗಿದ ನಡುವನ್ನು ತೆಗೆದೆಸೆದು, ಬೇರಿರುವ ಕಡ್ಡಿಗಳನ್ನು ಬಿಡಿಸಿದರು. ಎಲೆಗಳನ್ನು ಗೇಣುದ್ದಕ್ಕೆ ಕತ್ತರಿಸಿದರು. ಇಪ್ಪತ್ತಾರು ಸಸಿಗಳಾದವು. ಎರಡನ್ನು ಮೊಳ ಅಂತರದಲ್ಲಿ ನೆಟ್ಟು, ಉಳಿದವನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಕೊಂಡು ಓಣಿಗೆ ಹೊರಟರು. ಖುರ್ಷಿದಳ ಮನೆ ಮೊದಲು, ಕೊನೆಗೆ ಓಣಿಯ ತುದಿಯ ಗೌರಾಬಾಯಿಯ ಮನೆ. ಎಲ್ಲರಿಗೂ ಒಂದೇ ಮಾತು: “ಬುಡಕ್ಕ ನೀರ್ ನಿಲ್ಲಬಾರ್ದು. ನಾಲ್ಕ್ ತಿಂಗಳ ಕೊಯ್ಯಬ್ಯಾಡ್ರಿ.”

ಕೊಯ್ಯಲು ಎಲೆಯೇ ಇಲ್ಲದ ಆ ನಾಲ್ಕು ತಿಂಗಳು ಯಾರೂ ಬರಲಿಲ್ಲ. ದೀಪಾವಳಿ ಮುಗಿದ ಮೇಲೆ ಖುರ್ಷಿದ ಬಾಗಿಲ ಮುಂದೆ ನಡೆಯುತ್ತಲೇ ಹೇಳಿದಳು: “ನಮ್ದು ಸೊಂಟದತನ ಬಂದದ್ರಿ. ಇನ್ನ ನಿಮಗ ತ್ರಾಸ್ ಇಲ್ಲ.”

“ಛಲೋ ಆತವಾ,” ಎಂದರು ಕಸ್ತೂರಿಬಾಯಿ. “ವಾಸನಿ?”

“ಆಡು ಮೂಗು ತಿರುವ್ತದ್ರಿ.”

ಅವಳು ಹೋದ ಮೇಲೆ ಅವರು ಹಿತ್ತಲಿಗೆ ಬಂದು, ನೆಲದಿಂದ ನಾಲ್ಕು ಬೆರಳು ಬಿಟ್ಟು ಮೊದಲ ಸಲ ಎಲೆ ಕೊಯ್ದರು. ಒಂದು ಲೋಟಕ್ಕೆ ಎರಡು ಎಲೆ ಸಾಕು. ಆದರೆ ಕೊಯ್ಯದಿದ್ದರೆ ಪೊದೆ ದಟ್ಟವಾಗಿ ನಡು ಮತ್ತೆ ಒಣಗುತ್ತದೆ. ಎಲ್ಲವನ್ನೂ ಕೊಯ್ದು, ಖಾಲಿ ಕಟ್ಟೆಯ ಮೇಲೆ ನೆರಳಿಗೆ ಹರವಿದರು. ಕಟ್ಟೆ ಪೂರ್ತಿ ತುಂಬಿತು.